ವಾಕರಿಕೆಯ ಭಯವೇ? ಹಲ್ಲಿನ ಎಕ್ಸ್-ರೇಗೆ ದಾರಿಗಳುಂಟು

ಹಲ್ಲುನೋವೆಂದು ದಂತವೈದ್ಯರ ಬಳಿಗೆ ಹೋದ ಕೆಲವರು, ಎಕ್ಸ್-ರೇ ಫಿಲ್ಮನ್ನು ಬಾಯೊಳಗೆ ಇಡುತ್ತಿದ್ದಂತೆಯೇ ವಾಕರಿಸತೊಡಗುತ್ತಾರೆ. ಒಮ್ಮೆ ಹೀಗಾದವರು ಮುಜುಗರಪಟ್ಟು ಚಿಕಿತ್ಸೆಯನ್ನೇ ಮುಂದೂಡುವುದುಂಟು. ಆದರೆ ಬೇರಿನ ತುದಿಯ ಸೋಂಕಾಗಲಿ, ಎರಡು ಹಲ್ಲುಗಳ ಸಂದಿನಲ್ಲಿ ಆಗಷ್ಟೇ ತೊಡಗಿದ ಹುಳುಕಾಗಲಿ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಚಿತ್ರ ತಡವಾದರೆ ಉಳಿಯಬಹುದಾಗಿದ್ದ ಹಲ್ಲನ್ನೇ ಕಳೆದುಕೊಳ್ಳಬೇಕಾದೀತು.

ಏಕೆ ಹೀಗಾಗುತ್ತದೆ?

ಗಂಟಲಿಗೆ ಅನ್ಯವಸ್ತು ಇಳಿಯದಂತೆ ದೇಹವು ಮಾಡಿಕೊಂಡಿರುವ ರಕ್ಷಣೆಯೇ ವಾಕರಿಕೆ. ನಾಲಗೆಯ ಬುಡ, ಮೃದು ಅಂಗುಳ ಹಾಗೂ ಗಂಟಲಿನ ಹಿಂಗೋಡೆಗೆ ಏನಾದರೂ ತಗುಲಿದರೆ ನರಗಳು ಮಿದುಳಿಗೆ ಸೂಚನೆ ಒಯ್ಯುತ್ತವೆ. ಕೂಡಲೇ ಗಂಟಲಿನ ಸ್ನಾಯುಗಳು ಸಂಕುಚಿಸುತ್ತವೆ. ಇದು ರೋಗಿಯ ಹಟವೂ ಅಲ್ಲ, ಅಂಜುಬುರುಕುತನವೂ ಅಲ್ಲ. ಆದರೆ ಆತಂಕದಿಂದ ಇದು ಹೆಚ್ಚುತ್ತದೆ. ಮೇಲ್ದವಡೆಯ ಹಿಂಬದಿಯ ಹಲ್ಲುಗಳ ಚಿತ್ರ ತೆಗೆಯುವಾಗ ತೊಂದರೆ ಅಧಿಕ.

ಬಾಯೊಳಗಿನ ಚಿತ್ರ ಸುಲಭವಾಗಲು

ಮುಂಬದಿಯ ಹಲ್ಲುಗಳಿಂದ ಆರಂಭಿಸಿ ಕ್ರಮೇಣ ಹಿಂದಕ್ಕೆ ಸಾಗುವುದು, ಯಂತ್ರವನ್ನು ಮೊದಲೇ ಸಿದ್ಧಪಡಿಸಿಕೊಂಡು ಫಿಲ್ಮನ್ನು ಅಂಗುಳಕ್ಕೆ ಉಜ್ಜದಂತೆ ಒಮ್ಮೆಗೇ ಇಡುವುದು, ಮಕ್ಕಳಿಗೆಂದಿರುವ ಚಿಕ್ಕ ಅಳತೆಯ ಫಿಲ್ಮ್ ಬಳಸುವುದು ವೈದ್ಯರು ಅನುಸರಿಸುವ ಕ್ರಮಗಳು. ತಂತಿಯುಳ್ಳ ಡಿಜಿಟಲ್ ಸಂವೇದಕಗಳು ದಪ್ಪ ಹಾಗೂ ಗಡಸು. ತೆಳುವಾದ ಫಾಸ್ಫರ್ ಫಲಕಗಳು ಕೆಲವರಿಗೆ ಹೆಚ್ಚು ಸಹ್ಯವೆನಿಸುತ್ತವೆ.

ರೋಗಿಯು ಮೂಗಿನಿಂದ ನಿಧಾನವಾಗಿ ಉಸಿರಾಡಬೇಕು. ಒಂದು ಕಾಲನ್ನು ತುಸು ಮೇಲೆತ್ತಿ ಹಿಡಿದರೆ ಗಮನ ಅತ್ತ ಹರಿಯುತ್ತದೆ. ನಾಲಗೆಯ ತುದಿಗೆ ಚಿಟಿಕೆ ಉಪ್ಪು ಹಾಕುವ ರೂಢಿಯೂ ಇದೆ. ಇವು ಸಾಲದಿದ್ದರೆ ವೈದ್ಯರು ಮರಗಟ್ಟಿಸುವ ಔಷಧಿಯನ್ನು ಅಂಗುಳಕ್ಕೆ ಸಿಂಪಡಿಸುತ್ತಾರೆ. ಹಾಗೆ ಮಾಡಿದಲ್ಲಿ ಮರಗಟ್ಟಿದ್ದು ಇಳಿಯುವವರೆಗೆ ಏನನ್ನೂ ತಿನ್ನಬಾರದು, ಕುಡಿಯಬಾರದು.

1896ರಲ್ಲಿ ಜರ್ಮನಿಯ ಒಟ್ಟೊ ವಾಲ್ಕಾಫ್ ತಮ್ಮದೇ ಹಲ್ಲುಗಳ ಚಿತ್ರ ತೆಗೆಯಲು ಸುಮಾರು 25 ನಿಮಿಷ ಕಾದಿದ್ದರು. ಇಂದು ಕಿರಣ ಹಾಯಿಸಲು ಒಂದು ಸೆಕೆಂಡೂ ಬೇಡ. ಸಹಿಸಬೇಕಾದ ಅವಧಿ ಅಷ್ಟು ಕಿರಿದು.

ಬಾಯಿಯ ಹೊರಗಿನಿಂದ

ಏನು ಮಾಡಿದರೂ ಆಗದವರಿಗೆ ಒಪಿಜಿ ಉಂಟು. ಇದರಲ್ಲಿ ಯಂತ್ರವು ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ಸೆರೆಹಿಡಿಯುತ್ತದೆ. ಮುಂಬಲ್ಲುಗಳಿಂದ ಸಣ್ಣ ಕಡ್ಡಿಯೊಂದನ್ನು ಕಚ್ಚಿಕೊಂಡರೆ ಸಾಕು. ಗಂಟಲಿನ ಬಳಿಗೆ ಏನೂ ಹೋಗದು. ಆದರೆ ಇದರಲ್ಲಿ ಸೂಕ್ಷ್ಮ ವಿವರಗಳು ಬಾಯೊಳಗಿನ ಚಿತ್ರದಷ್ಟು ಸ್ಪಷ್ಟವಲ್ಲ. ಆರಂಭದ ಹುಳುಕು ಕಣ್ತಪ್ಪಬಹುದು. ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿಯು ಹೆಚ್ಚಿನ ವಿವರ ನೀಡುತ್ತದಾದರೂ ಖರ್ಚು ಮತ್ತು ವಿಕಿರಣ ಸಾಮಾನ್ಯವಾಗಿ ಅಧಿಕ. ಆದ್ದರಿಂದ ಅಗತ್ಯವಿದ್ದಲ್ಲಿ ಮಾತ್ರ ಅದರ ಮೊರೆಹೋಗುವುದು ಸೂಕ್ತ.

ಯಾವ ಚಿತ್ರ ಬೇಕೆಂಬುದನ್ನು ನಿರ್ಧರಿಸುವವರು ವೈದ್ಯರೇ. ಆದರೆ ಹಿಂದೆ ವಾಕರಿಕೆಯಾಗಿದ್ದರೆ ಸಂಕೋಚಪಡದೆ ಮೊದಲೇ ತಿಳಿಸಬೇಕು. ಗರ್ಭಿಣಿಯರು ಆ ವಿಷಯವನ್ನೂ ಹೇಳಬೇಕು. ಮುಂಚಿತವಾಗಿ ಆಡಿದ ಒಂದು ಮಾತು ಅರ್ಧ ತೊಂದರೆಯನ್ನು ಕಳೆಯಬಲ್ಲದು.