ಮನೆ ಬಿಯರ್

ಮನೆ ಬಿಯರ್: ಮಾರಾಟಕ್ಕಲ್ಲದೆ ಸ್ವಂತ ಬಳಕೆಗಾಗಿ ಮನೆಯಲ್ಲೇ ತಯಾರಿಸುವ ಬಿಯರ್. ಒಂದು ಬಾರಿಗೆ 20 ಲೀಟರಿನಷ್ಟು ತಯಾರಿಸುವುದು ಈಗಿನ ರೂಢಿ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ತರಿಯಾಗಿ ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದಾಗ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಬಸಿದ ಸಿಹಿರಸವನ್ನು ಹಾಪ್ಸ್ ಹೂಗಳೊಂದಿಗೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಹುದುಗಲು ಬಿಡುತ್ತಾರೆ.

ಬಿಯರಿನ ಚರಿತ್ರೆಯ ಬಹುಪಾಲು ನಡೆದದ್ದು ಮನೆಯಲ್ಲೇ. ಸುಮೇರಿಯನ್ನರಲ್ಲಿ ಬಿಯರಿಗೆಂದೇ ನಿಂಕಾಸಿ ಎಂಬ ದೇವತೆಯಿದ್ದಳು, ಕ್ರಿ.ಪೂ. 1800ರ ಸುಮಾರಿನ ಆಕೆಯ ಸ್ತುತಿಯೊಂದು ತಯಾರಿಕೆಯ ಹಂತಗಳನ್ನೂ ಹೇಳುತ್ತದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಾಪ್ಸ್ ಇಲ್ಲದ ಏಲ್ ಎಂಬ ಬಿಯರಿನ ತಯಾರಿಕೆ ಹೆಚ್ಚಾಗಿ ಹೆಂಗಸರ ಕೆಲಸವಾಗಿತ್ತು. ಅದು ಬೇಗ ಹುಳಿತುಹೋಗುತ್ತಿದ್ದುದರಿಂದ ಮನೆಗಾಗಿ ಮಿಕ್ಕದ್ದನ್ನು ನೆರೆಹೊರೆಗೆ ಮಾರಿಬಿಡುತ್ತಿದ್ದರು. 15ನೆಯ ಶತಮಾನದಲ್ಲಿ ಕಡಲಾಚೆಯ ಫ್ಲಾಂಡರ್ಸ್, ಹಾಲೆಂಡ್ ಕಡೆಯ ಹಾಪ್ಸ್ ಬಿಯರ್ ಇಂಗ್ಲೆಂಡಿನಲ್ಲಿ ಬೇರೂರಿತು. ಹಾಪ್ಸ್ ಹಾಕಿದ ಬಿಯರ್ ಬೇಗ ಕೆಡದು; ಪೀಪಾಯಿಗೆ ತುಂಬಿ ದೂರದೂರಿಗೆ ಕಳಿಸಬಹುದು. ಆದರೆ ಅದಕ್ಕೆ ದೊಡ್ಡ ಹಂಡೆಯೂ ಬಂಡವಾಳವೂ ಬೇಕು. ಕಸುಬು ಹೆಂಗಸರ ಕೈತಪ್ಪಲು ಇದೊಂದು ಮುಖ್ಯ ಕಾರಣ.

ನಾರ್ವೆ, ಫಿನ್ಲೆಂಡ್, ಲಿಥುವೇನಿಯಾ ಮುಂತಾದ ಕಡೆಯ ಹಳ್ಳಿಗಾಡಿನಲ್ಲಿ ಮಾತ್ರ ಮನೆಯಲ್ಲೇ ಬಿಯರ್ ಮಾಡುವ ಪರಂಪರೆ ಪೂರ್ತಿ ಕಡಿದುಹೋಗಲಿಲ್ಲ. ನಾರ್ವೆಯ ವೊಸ್ ಸೀಮೆಯ ರೈತರು ಜುನಿಪರ್ ಕೊಂಬೆ ಹಾಕಿ ಕಾಯಿಸಿದ ನೀರಿನಲ್ಲಿ ಮಾಲ್ಟ್ ನೆನೆಸುತ್ತಾರೆ. ಅಲ್ಲಿನ ಯೀಸ್ಟಿಗೆ ಕ್ವೈಕ್ ಎಂದು ಹೆಸರು. ಮರದ ತುಂಡುಗಳನ್ನು ಪೋಣಿಸಿದ ಬಳೆಯೊಂದನ್ನು ಹುದುಗುತ್ತಿರುವ ಬಿಯರಿನಲ್ಲಿ ಅದ್ದಿ, ಸಂದುಗಳಲ್ಲಿ ಯೀಸ್ಟ್ ಕೂತಮೇಲೆ ತೂಗುಹಾಕಿ ಒಣಗಿಸಿ, ಮುಂದಿನ ಬಾರಿಗೆ ಅದನ್ನೇ ಬಳಸುವುದು ಹಳೆಯ ಕ್ರಮ. ಸಾಮಾನ್ಯ ಏಲ್ ಯೀಸ್ಟಿಗೆ 20 ಡಿಗ್ರಿ ಆಸುಪಾಸು ಹಿತ. ಕ್ವೈಕ್ 40 ಡಿಗ್ರಿಯ ಹತ್ತಿರವೂ ರುಚಿ ಕೆಡಿಸದೆ ಹುದುಗಿಸುತ್ತದೆ.

ಉಳಿದೆಡೆ ಬಿಯರನ್ನು ಮನೆಯಿಂದ ಹೊರಹಾಕಿದ್ದರಲ್ಲಿ ಅಳತೆಯ ಸಾಧನಗಳಿಗೂ ಸುಂಕಕ್ಕೂ ಪಾಲಿದೆ. ಲಂಡನ್ನಿನ ಮೈಕೇಲ್ ಕೊಂಬ್ರೂನ್ 1762ರಲ್ಲಿ ಬರೆದ ಗ್ರಂಥ ಥರ್ಮಾಮೀಟರ್ ಬಳಕೆಯನ್ನು ಎತ್ತಿಹಿಡಿಯಿತು. ರಸದಲ್ಲಿ ಸಕ್ಕರೆ ಎಷ್ಟಿದೆಯೆಂದು ತೋರಿಸುವ ಸ್ಯಾಕರೊಮೀಟರನ್ನು ಜಾನ್ ರಿಚರ್ಡ್‌ಸನ್ 1784ರಲ್ಲಿ ಬಳಕೆಗೆ ತಂದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಶುದ್ಧ ಯೀಸ್ಟ್ ಬೆಳೆಸಿದ. ಅಲ್ಲಿಯೇ ಸೋರೆನ್ಸನ್ 1909ರಲ್ಲಿ ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾಪನವನ್ನು ರೂಪಿಸಿದ. ಇವೆಲ್ಲ ಕಾರ್ಖಾನೆಯ ಸೊತ್ತಾಗಿದ್ದವು. ಇತ್ತ ಬ್ರಿಟನ್ನಿನಲ್ಲಿ 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಮಾಲ್ಟ್ ಮೇಲಿನ ತೆರಿಗೆ ತೆಗೆದು ಬಿಯರ್ ಮೇಲೆಯೇ ಸುಂಕ ಹಾಕಿದಾಗ ಮನೆಯಲ್ಲಿ ಮಾಡುವವರೂ ಪರವಾನಗಿ ಪಡೆಯಬೇಕಾಯಿತು. 1963ರಲ್ಲಿ ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ರದ್ದುಮಾಡುವವರೆಗೂ ಇದೇ ಸ್ಥಿತಿ.

ಅಮೆರಿಕದ ಕಥೆ ಇನ್ನೂ ವಕ್ರ. 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲಿ ಮಾಲ್ಟ್ ಪಾಕದ ಡಬ್ಬಗಳು ಅಡುಗೆ ಸಾಮಗ್ರಿಯ ಹೆಸರಿನಲ್ಲಿ ರಾಜಾರೋಷವಾಗಿ ಮಾರಾಟವಾದವು. ಅದರಿಂದ ಎಲ್ಲರೂ ಬ್ರೆಡ್ಡನ್ನೇ ಮಾಡಿದರೆಂದು ಯಾರೂ ನಂಬಲಿಲ್ಲ. ನಿಷೇಧ ತೆರವಾದಮೇಲೆ ಮನೆಯ ವೈನಿಗೆ ಅನುಮತಿ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಈ ತೊಡಕನ್ನು ಬಿಡಿಸಿತು: ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ರಾಜ್ಯಗಳು ಒಪ್ಪಲು ತಡವಾಯಿತು. ಮಿಸಿಸಿಪಿ ಮತ್ತು ಅಲಬಾಮಾ 2013ರಲ್ಲಿ ಕೊನೆಯವಾಗಿ ಒಪ್ಪಿದವು. ಅದೇ 1978ರಲ್ಲಿ ಕೊಲೊರಾಡೊದ ಬೋಲ್ಡರಿನಲ್ಲಿ ಚಾರ್ಲಿ ಪಪಾಜಿಯನ್ ಗೆಳೆಯನೊಬ್ಬನೊಂದಿಗೆ ಮನೆ ಬಿಯರ್ ತಯಾರಕರ ಸಂಘ ಕಟ್ಟಿದ. ಮನೆಯಲ್ಲಿ ಕಲಿತವರು ಕಸುಬಿಗಿಳಿದದ್ದೂ ಉಂಟು. ಸಿಯೆರಾ ನೆವಾಡಾ ಕಂಪನಿಯ ಕೆನ್ ಗ್ರಾಸ್‌ಮನ್ ಅಂಥವನು. ಇನ್ನು ಭಾರತದಲ್ಲಿ ಅಬಕಾರಿ ರಾಜ್ಯಗಳ ವಿಷಯ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಪರವಾನಗಿ ಪಡೆದ ವಾಣಿಜ್ಯ ಘಟಕಗಳು.

ಉಪಕರಣಗಳ ಮಟ್ಟಿಗೆ ಈ ಹವ್ಯಾಸ ಬೆಳೆದದ್ದು ಬೇರೆಯವರ ಸಾಮಾನಿನಿಂದ. ಬ್ರಿಟನ್ನಿನವರು ಪ್ಲಾಸ್ಟಿಕ್ ಬಕೆಟ್ಟಿಗೆ ವಿದ್ಯುತ್ ಕೆಟಲಿನ ಕಾಯಿಲ್ ಕೂರಿಸಿ ಕುದಿಸುವ ಪಾತ್ರೆ ಮಾಡಿಕೊಂಡರು. ಪಪಾಜಿಯನ್ ಹೇಳಿಕೊಟ್ಟದ್ದು, ಒಂದು ಬಕೆಟ್ಟಿನ ತಳಕ್ಕೆ ನೂರಾರು ತೂತು ಕೊರೆದು ಇನ್ನೊಂದರೊಳಗೆ ಇಳಿಸಿ ರಸ ಬಸಿಯುವ ಉಪಾಯ. ತಂಪು ಪಾನೀಯದ ಕಂಪನಿಗಳು ಕೈಬಿಟ್ಟ 19 ಲೀಟರಿನ ಸ್ಟೀಲ್ ಕ್ಯಾನುಗಳು ಬಿಯರ್ ತುಂಬಲು ಬಳಕೆಗೆ ಬಂದವು. ಮಾಲ್ಟನ್ನು ಬಟ್ಟೆಚೀಲದಲ್ಲಿ ಕಟ್ಟಿ ಒಂದೇ ಹಂಡೆಯಲ್ಲಿ ಕೆಲಸ ಮುಗಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಆಸ್ಟ್ರೇಲಿಯದವರು. ನೆನೆಸುವುದು, ಬಸಿಯುವುದು, ಕುದಿಸುವುದು ಮೂರನ್ನೂ ಮಾಡುವ ಜರ್ಮನಿಯ ಬ್ರೌಮೈಸ್ಟರ್, ನ್ಯೂಜಿಲೆಂಡಿನ ಗ್ರೇನ್‌ಫಾದರ್ ಯಂತ್ರಗಳು ಆಮೇಲಿನವು. ಹುದುಗಿಸಲು ಬಳಸುವ ಗಾಜಿನ ಜಾಡಿ ಒಡೆದು ಕೈ ಸೀಳುವ ಅಪಾಯವಿದೆ. ಪ್ಲಾಸ್ಟಿಕ್ಕಿನಲ್ಲಿ ಗೀರು ಬಿದ್ದರೆ ಬ್ಯಾಕ್ಟೀರಿಯ ಅಡಗುತ್ತವೆ. ಹೊಸಬರು ಹೊಳೆಯುವ ಹಂಡೆಗೆ ದುಡ್ಡು ಸುರಿಯುವುದು ಹೆಚ್ಚು, ಆದರೆ ಹುದುಗುವ ದಿನಗಳ ಉಷ್ಣತೆ ಹಿಡಿತದಲ್ಲಿಡುವ ಹಳೆಯ ಫ್ರಿಜ್ಜೊಂದು ರುಚಿಗೆ ಅದಕ್ಕಿಂತ ಹೆಚ್ಚು ಉಪಕಾರಿ.

ಮನೆಯವರ ಗಮನಕ್ಕೆ ಕೊನೆಗೆ ಬಂದದ್ದು ನೀರು. ಬಿಯರಿನಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಅದೇ. ಹಿಂದೆ ಊರಿನ ನೀರು ಹೇಗಿತ್ತೋ ಊರಿನ ಬಿಯರೂ ಹಾಗೆ. ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಜಿಪ್ಸಂ ಕರಗಿ ಸಲ್ಫೇಟ್ ಲೀಟರಿಗೆ ನೂರಾರು ಮಿಲಿಗ್ರಾಂ ಇರುತ್ತಿತ್ತು. ಅಲ್ಲಿನ ಪೇಲ್ ಏಲಿನ ಚುರುಕು ಕಹಿಗೆ ಅದೇ ಮೂಲ. ಬೊಹೀಮಿಯದ ಪ್ಲ್ಜೆನ್ ನಗರದ್ದು ತೀರ ಮೆದುನೀರು, ಕ್ಯಾಲ್ಸಿಯಂ ಲೀಟರಿಗೆ 10 ಮಿಲಿಗ್ರಾಮಿನ ಆಸುಪಾಸು. ಯೋಸೆಫ್ ಗ್ರೋಲ್ ಎಂಬ ತಯಾರಕ 1842ರಲ್ಲಿ ಆ ನೀರಿನಲ್ಲೇ ಹೊಂಬಣ್ಣದ ಲಾಗರ್ ಬಿಯರ್ ತಯಾರಿಸಿದ. ಡಬ್ಲಿನ್, ಮ್ಯೂನಿಕ್‌ಗಳ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಆ ಕ್ಷಾರತೆಯನ್ನು ಕಪ್ಪಗೆ ಹುರಿದ ಮಾಲ್ಟಿನ ಆಮ್ಲೀಯತೆ ತಗ್ಗಿಸುವುದರಿಂದ ಅಲ್ಲಿ ಕಡುಬಣ್ಣದ ಬಿಯರೇ ಸೊಗಸಾಗಿ ಬಂತು.

ಮಾಲ್ಟ್ ನೆನೆದಿರುವಾಗ ಪಿಎಚ್ 5.2ರಿಂದ 5.6ರೊಳಗಿದ್ದರೆ ಕಿಣ್ವಗಳು ಹದವಾಗಿ ಕೆಲಸ ಮಾಡುತ್ತವೆ. ಬೈಕಾರ್ಬೊನೇಟ್ ಅದನ್ನು ಮೇಲೆತ್ತುತ್ತದೆ. ಕ್ಯಾಲ್ಸಿಯಂ ಮಾಲ್ಟಿನ ಫಾಸ್ಫೇಟಿನೊಂದಿಗೆ ಸೇರಿ ಕೆಳಗಿಳಿಸುತ್ತದೆ. ಈ ಎಳೆದಾಟದ ಲೆಕ್ಕವನ್ನು 'ಉಳಿಕೆ ಕ್ಷಾರತೆ' ಎಂಬ ಸೂತ್ರಕ್ಕೆ ತಂದವನು ಜರ್ಮನಿಯ ಪೌಲ್ ಕೋಲ್ಬಾಖ್, 1953ರಲ್ಲಿ. ಮನೆ ಬಿಯರ್ ಲೇಖಕ ಜಾನ್ ಪಾಮರ್‌ನ ಬರಹಗಳಿಂದ ಅದು ಅಡುಗೆಮನೆಗಳಿಗೆ ಇಳಿಯಿತು. 20 ಲೀಟರ್ ನೀರಿಗೆ 1 ಗ್ರಾಂ ಜಿಪ್ಸಂ ಹಾಕಿದರೆ ಲೀಟರಿಗೆ ಸುಮಾರು 12 ಮಿಲಿಗ್ರಾಂ ಕ್ಯಾಲ್ಸಿಯಂ, 28 ಮಿಲಿಗ್ರಾಂ ಸಲ್ಫೇಟ್ ಸೇರುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಬಾಯಿಗೆ ತುಂಬಿದಂತಾಗುವ ಮೃದುತನ ಬರುತ್ತದೆ. ನಲ್ಲಿನೀರಿನ ಕ್ಲೋರಿನ್ ಉಳಿದರೆ ಬಿಯರ್ ಆಸ್ಪತ್ರೆಯಂತೆ ನಾರುತ್ತದೆ. ಕ್ಲೋರಮೀನ್ ಇದ್ದರೆ ಸುಮ್ಮನೆ ಕುದಿಸಿ ಕಳೆಯುವುದು ಕಷ್ಟ. ಅದನ್ನು ಕಳೆಯಲು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಚಿಟಿಕೆಯಷ್ಟು ಸಾಕು.

ಆರ್‌ಓ ನೀರಿಗೆ ಲವಣ ಬೆರೆಸಿ ಬರ್ಟನ್ನಿನದೋ ಡಬ್ಲಿನ್ನಿನದೋ ನೀರನ್ನು ಅಂಕಿಗೆ ಅಂಕಿ ನಕಲು ಮಾಡುವ ಗೀಳು ಕೆಲವರಿಗಿದೆ. ಇದು ಅಷ್ಟೇನೂ ಫಲ ಕೊಡದು. ಏಕೆಂದರೆ ನೀರನ್ನು ಮೊದಲೇ ಕುದಿಸಿ ಬೈಕಾರ್ಬೊನೇಟನ್ನು ಸುಣ್ಣವಾಗಿ ತಳಕ್ಕಿಳಿಸುವ ಉಪಾಯ ಹಳೆಯ ಕಸುಬುದಾರರಿಗೂ ಗೊತ್ತಿತ್ತು. ಹೀಗಾಗಿ ಊರಿನ ನೀರಿನ ವರದಿಯಲ್ಲಿರುವ ಅಂಕಿಗಳೇ ಅವರ ಹಂಡೆಯಲ್ಲೂ ಇದ್ದವೆಂದು ಹೇಳಲಾಗದು.