ಪಾರ್ಥೇನಿಯಂ (ಕಾಂಗ್ರೆಸ್ ಗಿಡ): ಕಳೆಯ ನಿರ್ಮೂಲನೆ ಹಾಗೂ ಚರ್ಮದ ತುರಿಕೆಯಿಂದ ರಕ್ಷಣೆ

ಪಾರ್ಥೇನಿಯಂ ಹಿಸ್ಟೆರೊಫೋರಸ್ ಎಂಬ ಶಾಸ್ತ್ರೀಯ ಹೆಸರಿನ ಕಳೆಯು ರಾಜ್ಯದಾದ್ಯಂತ ಕಾಂಗ್ರೆಸ್ ಗಿಡ ಎಂದೇ ಪರಿಚಿತವಾಗಿದೆ. ಗಿಡದ ತುದಿಯಲ್ಲಿ ಗೊಂಚಲಾಗಿ ಬಿಡುವ ಪುಟ್ಟ ಬಿಳಿ ಹೂಗಳು ಬಿಳಿ ಟೋಪಿಯನ್ನು ಹೋಲುವುದರಿಂದ ಈ ರೂಢನಾಮ ಬಂದಿತೆಂದು ಹೇಳಲಾಗುತ್ತದೆ. ರಸ್ತೆ ಬದಿ, ಖಾಲಿ ನಿವೇಶನ, ಕೆರೆಯಂಗಳ, ಗೋಮಾಳ, ರೈಲು ಹಳಿಗಳ ಅಂಚು ಹಾಗೂ ಬೀಳು ಬಿಟ್ಟ ಹೊಲಗಳಲ್ಲಿ ಇದು ಹುಲುಸಾಗಿ ಬೆಳೆಯುತ್ತದೆ. ಈ ಕಳೆಯನ್ನು ತೆಗೆಯುವ ವಿಧಾನ, ತೆಗೆಯುವವರು ವಹಿಸಬೇಕಾದ ಎಚ್ಚರಿಕೆ ಮತ್ತು ಈ ಸಂಬಂಧ ಮನವಿ ಸಲ್ಲಿಸುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಕಳೆಯ ಪರಿಚಯ

ಇದರ ಮೂಲ ಅಮೆರಿಕ ಖಂಡದ ಉಷ್ಣ ಪ್ರದೇಶ. ಭಾರತದಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಇದನ್ನು ಗುರುತಿಸಲಾಯಿತು. ಆಮದು ಗೋಧಿಯೊಂದಿಗೆ ಇದರ ಬೀಜ ದೇಶಕ್ಕೆ ಬಂದು ಹರಡಿತೆಂಬುದು ಸಾಮಾನ್ಯ ತಿಳಿವಳಿಕೆ. ಕರ್ನಾಟಕ ಸರ್ಕಾರವು 1968ರ ಕೃಷಿ ಪೀಡೆಗಳು ಮತ್ತು ರೋಗಗಳ ಅಧಿನಿಯಮದಡಿ 1975ರಲ್ಲಿ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಘೋಷಣೆಯಿಂದ ಮಾತ್ರ ಕಳೆ ಕಡಿಮೆಯಾಗಲಿಲ್ಲ. ಖಾಸಗಿ ಜಮೀನಿನಷ್ಟೇ ಸರ್ಕಾರಿ ಜಾಗಗಳಲ್ಲಿಯೂ ಇದು ಬೆಳೆದು ನಿಂತಿರುವುದು ಎಲ್ಲರಿಗೂ ಕಾಣುವ ಸಂಗತಿ.

ಎಳೆಯ ಗಿಡದ ಎಲೆಗಳು ನೆಲಕ್ಕೆ ಅಂಟಿದಂತೆ ವೃತ್ತಾಕಾರವಾಗಿ ಹರಡಿ, ಕ್ಯಾರೆಟ್ ಎಲೆಯಂತೆ ಸೀಳು ಸೀಳಾಗಿರುತ್ತವೆ. ಮಳೆ ಬಿದ್ದು ಬೀಜ ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಕಾಂಡ ಮೇಲೆದ್ದು ಹೂ ಕಾಣಿಸುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡವು 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಮಣ್ಣಿನಲ್ಲಿ ಹೂತ ಬೀಜಗಳು ಹಲವು ವರ್ಷ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುತ್ತವೆ. ಒಂದು ಹಂಗಾಮಿನಲ್ಲಿ ಬಿಟ್ಟ ಗಿಡದ ಲೆಕ್ಕವನ್ನು ಮುಂದಿನ ಹಲವು ಹಂಗಾಮುಗಳಲ್ಲಿ ಚಕ್ರಬಡ್ಡಿಯೊಡನೆ ತೀರಿಸಬೇಕಾಗುತ್ತದೆ.

ಚರ್ಮದ ತುರಿಕೆ: ಲಕ್ಷಣ ಮತ್ತು ತಪ್ಪು ಕಲ್ಪನೆಗಳು

ಗಿಡದ ಎಲೆ, ಕಾಂಡದ ಮೇಲಿನ ಸೂಕ್ಷ್ಮ ರೋಮ ಮತ್ತು ಪರಾಗದಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕವು ಚರ್ಮದಲ್ಲಿ ಅಲರ್ಜಿಯನ್ನುಂಟುಮಾಡುತ್ತದೆ. ಮೊದಲ ಬಾರಿ ಮುಟ್ಟಿದಾಗ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸಂಪರ್ಕವಾದ ನಂತರವೇ ತುರಿಕೆ ಆರಂಭವಾಗುತ್ತದೆ. "ಇಷ್ಟು ವರ್ಷ ಕಿತ್ತಿದ್ದೇನೆ, ನನಗೇನೂ ಆಗಿಲ್ಲ" ಎಂಬ ಮಾತು ಹಳ್ಳಿಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಅದನ್ನು ರಕ್ಷಣೆಯೆಂದು ಭಾವಿಸತಕ್ಕದ್ದಲ್ಲ. ಒಮ್ಮೆ ಅಲರ್ಜಿ ಉಂಟಾದರೆ ಅದು ಬಹುತೇಕ ಜೀವನಪರ್ಯಂತ ಉಳಿಯುತ್ತದೆ ಮತ್ತು ಗಿಡವನ್ನು ಮುಟ್ಟದಿದ್ದರೂ ಗಾಳಿಯಲ್ಲಿ ತೇಲಿಬಂದ ಒಣಪುಡಿಯಿಂದಲೇ ಮರುಕಳಿಸುತ್ತದೆ.

ಬಟ್ಟೆ ಮುಚ್ಚದ ಭಾಗಗಳಲ್ಲಿ, ಅಂದರೆ ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆಯ ಮಡಿಕೆ, ಮೊಣಕೈಯ ಒಳಭಾಗ ಮತ್ತು ಮುಂಗೈಗಳಲ್ಲಿ ಕೆಂಪು, ಊತ ಹಾಗೂ ತೀವ್ರ ತುರಿಕೆ ಕಾಣಿಸುವುದು ಇದರ ಮುಖ್ಯ ಗುರುತು. ಆರಂಭದ ವರ್ಷಗಳಲ್ಲಿ ಗಿಡ ಬೆಳೆದು ಹೂ ಬಿಡುವ ಕಾಲದಲ್ಲಿ ಮಾತ್ರ ಬಂದು ಹೋಗುತ್ತದೆ. ನಿರ್ಲಕ್ಷಿಸಿದಲ್ಲಿ ವರ್ಷಪೂರ್ತಿ ನಿಂತು, ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ. ಕೃಷಿ ಕಾರ್ಮಿಕರಲ್ಲಿ ಇದು ಕೂಲಿಯನ್ನೇ ಕಳೆಯುವ ಕಾಯಿಲೆ. ಬಿಸಿಲಿನಲ್ಲಿ ಹೊಲದೊಳಗೆ ನಿಲ್ಲಲಾಗದೆ ಕೆಲಸ ಬಿಡಬೇಕಾದ ಪರಿಸ್ಥಿತಿ ಬರುತ್ತದೆ. ಪರಾಗವು ಕೆಲವರಲ್ಲಿ ಸೀನು, ಮೂಗು ಸೋರುವಿಕೆ ಮತ್ತು ಉಬ್ಬಸಕ್ಕೂ ಕಾರಣವಾಗುತ್ತದೆ.

ಇದು ಅಂಟುರೋಗವಲ್ಲ. ರೋಗಿಯನ್ನು ಮುಟ್ಟುವುದರಿಂದಾಗಲಿ, ಗುಳ್ಳೆಯಿಂದ ಒಸರುವ ನೀರಿನಿಂದಾಗಲಿ ಇನ್ನೊಬ್ಬರಿಗೆ ಹರಡುವುದಿಲ್ಲ. ಹುಳುಕಡ್ಡಿ ಅಥವಾ ಕಜ್ಜಿಯೆಂದು ತಿಳಿದು ಅಂಗಡಿಯಲ್ಲಿ ಸಿಗುವ ಮುಲಾಮುಗಳನ್ನು ತಿಂಗಳುಗಟ್ಟಲೆ ಹಚ್ಚುವುದು ಹಾನಿಕರ. ಇಂತಹ ಮುಲಾಮುಗಳಲ್ಲಿ ಹಲವು ಸ್ಟಿರಾಯ್ಡ್ ಅಂಶ ಹೊಂದಿದ್ದು, ವೈದ್ಯರ ಸಲಹೆಯಿಲ್ಲದೆ ಬಳಸಿದರೆ ಮುಖದ ಚರ್ಮ ತೆಳುವಾಗುತ್ತದೆ. ಚರ್ಮರೋಗ ತಜ್ಞರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ನಡೆಸುವ ಪ್ಯಾಚ್ ಪರೀಕ್ಷೆಯಿಂದ ಅಲರ್ಜಿಯನ್ನು ಖಚಿತಪಡಿಸುತ್ತಾರೆ. ಸೇವಂತಿಗೆ ಮತ್ತು ಸೂರ್ಯಕಾಂತಿ ಇದೇ ಸಸ್ಯಕುಟುಂಬಕ್ಕೆ ಸೇರಿದವು. ಪಾರ್ಥೇನಿಯಂ ಅಲರ್ಜಿ ಇರುವ ಕೆಲವರಿಗೆ ಸೇವಂತಿಗೆ ಹೂವಿನಿಂದಲೂ ತುರಿಕೆ ಬರುವುದುಂಟು. ಹೂ ಬೆಳೆಗಾರರು ಮತ್ತು ಹೂ ಕಟ್ಟುವವರು ಈ ಅಂಶವನ್ನು ವೈದ್ಯರ ಗಮನಕ್ಕೆ ತರುವುದು ಒಳಿತು.

ಕೀಳುವ ಕ್ರಮ

ಹೂ ಬಿಡುವ ಮುನ್ನ, ಮಳೆ ಬಂದು ನೆಲ ಹಸಿಯಾಗಿರುವಾಗ, ಬೇರುಸಹಿತ ಕೀಳುವುದೇ ಅತ್ಯುತ್ತಮ ವಿಧಾನ. ಮುಂಗಾರಿನ ಮೊದಲ ಮಳೆಯ ನಂತರದ ಮೂರು ನಾಲ್ಕು ವಾರಗಳು ಇದಕ್ಕೆ ತಕ್ಕ ಕಾಲ. ಕುಡುಗೋಲಿನಿಂದ ಮೇಲ್ಭಾಗ ಮಾತ್ರ ಕೊಯ್ದಲ್ಲಿ ಬುಡದಿಂದ ಮತ್ತೆ ಚಿಗುರಿ ಬೇಗ ಹೂ ಬಿಡುತ್ತದೆ. ಹೀಗೆ ಕೊಯ್ದ ಜಾಗ ಒಂದೆರಡು ವಾರ ಸ್ವಚ್ಛವಾಗಿ ಕಂಡರೂ ಕೆಲಸ ಮುಗಿದಂತಲ್ಲ.

ಕೀಳುವವರು ತುಂಬು ತೋಳಿನ ಅಂಗಿ ಧರಿಸಿ, ಕೈಗವಸು ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದು. ಕೈಗವಸು ಇಲ್ಲದಿದ್ದಲ್ಲಿ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕೈಗೆ ಸುತ್ತಿಕೊಳ್ಳಬಹುದು. ಕೆಲಸದ ನಡುವೆ ಮುಖ ಒರೆಸಿಕೊಳ್ಳಬಾರದು. ಮುಗಿದ ಕೂಡಲೇ ಸಾಬೂನು ಹಚ್ಚಿ ಧಾರಾಳ ನೀರಿನಿಂದ ಕೈಕಾಲು ಮುಖ ತೊಳೆದು, ಧರಿಸಿದ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಂದಿಗೆ ಬೆರೆಸದೆ ಒಗೆಯಬೇಕು. ಈಗಾಗಲೇ ತುರಿಕೆ ಇರುವವರು ಕೈಗವಸು ಧರಿಸಿಯೂ ಈ ಕೆಲಸಕ್ಕೆ ಹೋಗತಕ್ಕದ್ದಲ್ಲ. ಶ್ರಮದಾನದ ಹೆಸರಿನಲ್ಲಿ ಶಾಲಾ ಮಕ್ಕಳಿಂದ ಬರಿಗೈಯಲ್ಲಿ ಗಿಡ ಕೀಳಿಸುವ ರೂಢಿ ಅಲ್ಲಲ್ಲಿ ಇದ್ದು, ಇದು ಸರ್ವಥಾ ಸಲ್ಲದು.

ಹೂ ಬಿಡದ ಗಿಡಗಳನ್ನು ಗುಂಡಿಯಲ್ಲಿ ಸಗಣಿ ಬಗ್ಗಡ ಮತ್ತು ಮಣ್ಣಿನೊಂದಿಗೆ ಪದರ ಪದರವಾಗಿ ಹಾಕಿ ಕೊಳೆಸಿದಲ್ಲಿ ಉತ್ತಮ ಗೊಬ್ಬರವಾಗುತ್ತದೆ. ಹೂ ಬಿಟ್ಟಿದ್ದನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದೊಂದಿಗೆ ಬೀಜವೂ ಹೊಲ ಸೇರುತ್ತದೆ. ಅದನ್ನು ಆಳವಾದ ಗುಂಡಿಯಲ್ಲಿ ಹೂಳುವುದು ಸೂಕ್ತ. ರಾಶಿ ಹಾಕಿ ಸುಡುವುದು ಹೊಗೆಯ ಕಾರಣದಿಂದ ಅಪೇಕ್ಷಣೀಯವಲ್ಲ. ಮೇವಿನ ಕೊರತೆಯಲ್ಲಿ ದನಗಳು ಈ ಗಿಡ ತಿಂದಲ್ಲಿ ಹಾಲು ಕಹಿಯಾಗುತ್ತದೆ, ಹೆಚ್ಚು ತಿಂದರೆ ಜಾನುವಾರಿನ ಪ್ರಾಣಕ್ಕೂ ಅಪಾಯವಿದೆ.

ಉಪ್ಪಿನ ದ್ರಾವಣ, ಕಳೆನಾಶಕ ಮತ್ತು ಜೈವಿಕ ವಿಧಾನ

ಬೆಳೆ ಇಲ್ಲದ ಜಾಗದಲ್ಲಿ ಒಂದು ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ, ಬಿಸಿಲಿರುವ ದಿನ ಎಳೆಯ ಗಿಡಗಳು ಪೂರ್ಣ ನೆನೆಯುವಂತೆ ಸಿಂಪಡಿಸಬಹುದು. ಉಪ್ಪು ಮಣ್ಣಿನಲ್ಲಿ ಉಳಿಯುವುದರಿಂದ ಸಾಗುವಳಿ ಭೂಮಿ, ತೋಟ ಹಾಗೂ ಬಾವಿಯ ಸಮೀಪ ಈ ವಿಧಾನ ಸಲ್ಲದು. ಗ್ಲೈಫೋಸೇಟ್ ಬಳಕೆಯ ಮೇಲೆ ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ನಿರ್ಬಂಧ ವಿಧಿಸಿ ಅಧಿಸೂಚನೆ ಹೊರಡಿಸಿತು. 2,4-ಡಿ ಸಿಂಪಡಣೆಯು ಗಾಳಿಗೆ ಹಾರಿ ಪಕ್ಕದ ಹತ್ತಿ, ದ್ರಾಕ್ಷಿ, ಟೊಮೆಟೊ ಬೆಳೆಗಳನ್ನು ಸುಡಬಲ್ಲದು. ಆದ್ದರಿಂದ ಯಾವುದೇ ಕಳೆನಾಶಕ ಖರೀದಿಸುವ ಮುನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಅಂದು ಜಾರಿಯಲ್ಲಿರುವ ಶಿಫಾರಸಿನಂತೆ ನಡೆಯತಕ್ಕದ್ದು.

ಮೆಕ್ಸಿಕನ್ ದುಂಬಿ, ಅಂದರೆ ಝೈಗೋಗ್ರಾಮಾ ಬೈಕೊಲೊರಾಟಾ, ಈ ಕಳೆಯ ಎಲೆಯನ್ನು ತಿಂದು ಬದುಕುತ್ತದೆ. ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಇದನ್ನು ಹೊರಬಿಡಲಾಯಿತು. 1990ರ ದಶಕದ ಆರಂಭದಲ್ಲಿ ಸೂರ್ಯಕಾಂತಿಯ ಮೇಲೂ ದುಂಬಿ ಕಂಡು ರೈತರು ಆತಂಕಗೊಂಡಿದ್ದರು. ಪಾರ್ಥೇನಿಯಂ ಪರಾಗ ಬಿದ್ದ ಸೂರ್ಯಕಾಂತಿ ಎಲೆಗಳನ್ನು ದುಂಬಿಗಳು ಕಚ್ಚುತ್ತವೆಂದು ವಿಜ್ಞಾನಿಗಳು ತೋರಿಸಿದರು. ದುಂಬಿಯು ಮಳೆಗಾಲದಲ್ಲಿ ಮಾತ್ರ ಚುರುಕಾಗಿದ್ದು ಒಣ ಹವೆಯಲ್ಲಿ ಮಣ್ಣಿನಡಿ ಸುಪ್ತವಾಗಿರುತ್ತದೆ. ಇದೊಂದನ್ನೇ ನಂಬಿ ಕೂರುವಂತಿಲ್ಲ. ದುಂಬಿ ಹೇರಳವಾಗಿರುವ ಕಡೆ ಕಳೆನಾಶಕ ಸಿಂಪಡಿಸದಿರುವುದು ಲೇಸು. ಪಾಳು ಜಾಗಗಳಲ್ಲಿ ಮುಂಗಾರಿನ ಆರಂಭದಲ್ಲಿ ತಗಚೆ ಬೀಜ ಎರಚಿದರೆ ಅದು ದಟ್ಟವಾಗಿ ಬೆಳೆದು ಪಾರ್ಥೇನಿಯಂ ಮೇಲೇಳದಂತೆ ತಡೆಯುತ್ತದೆ.

ಮನವಿ ಸಲ್ಲಿಸುವ ಬಗ್ಗೆ

ಖಾಲಿ ನಿವೇಶನವನ್ನು ಕಳೆರಹಿತವಾಗಿ ಇಡುವುದು ಅದರ ಮಾಲೀಕರ ಹೊಣೆ. ನೆರೆಯ ನಿವೇಶನ, ರಸ್ತೆ ಬದಿ ಅಥವಾ ಶಾಲಾ ಆವರಣದಲ್ಲಿನ ಕಳೆಯ ಕುರಿತು ನಗರ ಪ್ರದೇಶದವರು ತಮ್ಮ ಸ್ಥಳೀಯ ಸಂಸ್ಥೆಯ ಆರೋಗ್ಯ ಶಾಖೆಗೆ, ಗ್ರಾಮೀಣ ಪ್ರದೇಶದವರು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಮನವಿ ಸಲ್ಲಿಸಬಹುದು. ಸಾಗುವಳಿ ಜಮೀನಿನ ವಿಷಯವಾದಲ್ಲಿ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು.

ಮನವಿಯಲ್ಲಿ ಸ್ಥಳದ ಸರ್ವೆ ಸಂಖ್ಯೆ ಅಥವಾ ನಿವೇಶನ ಸಂಖ್ಯೆ, ಗೊತ್ತಿದ್ದಲ್ಲಿ ಮಾಲೀಕರ ಹೆಸರು, ಗುರುತು ಹಿಡಿಯಲು ಹತ್ತಿರದ ಕಟ್ಟಡ ಮತ್ತು ಗಿಡಗಳು ಹೂ ಬಿಟ್ಟಿವೆಯೇ ಇಲ್ಲವೇ ಎಂಬುದನ್ನು ನಮೂದಿಸಬೇಕು. ಛಾಯಾಚಿತ್ರ ಲಗತ್ತಿಸಿದಲ್ಲಿ ಸ್ಥಳ ಪರಿಶೀಲನೆ ಸುಲಭ. ಮನೆಯಲ್ಲಿ ತುರಿಕೆ ಅಥವಾ ಉಬ್ಬಸದಿಂದ ಬಳಲುವವರಿದ್ದರೆ ವೈದ್ಯರ ಚೀಟಿಯ ಪ್ರತಿಯನ್ನೂ ಸೇರಿಸಬಹುದು. ಸ್ವೀಕೃತಿ ಪಡೆದು ಅದರ ಸಂಖ್ಯೆಯನ್ನು ಕಾದಿರಿಸಿಕೊಳ್ಳತಕ್ಕದ್ದು. ಬಿಳಿ ಹೂ ಎದ್ದು ಕಾಣುವ ತನಕ ಯಾರಿಗೂ ಈ ಗಿಡದ ನೆನಪಾಗುವುದಿಲ್ಲ. ಜೂನ್ ತಿಂಗಳಲ್ಲಿ, ಗಿಡ ಇನ್ನೂ ನೆಲಕ್ಕಂಟಿರುವಾಗಲೇ ಮನವಿ ಕೊಟ್ಟಲ್ಲಿ ಬೀಜ ಉದುರುವ ಮುನ್ನ ತೆಗೆಸಲು ಸಮಯ ಸಿಗುತ್ತದೆ.