ವೃತ್ತದೊಳಗೆ ಬೆಳೆದ ಸಂಸತ್ತು

1911ರ ದರ್ಬಾರಿನಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವ ಘೋಷಣೆ ಹೊರಟಾಗ ಶಾಸನಸಭೆಗೊಂದು ಪ್ರತ್ಯೇಕ ಕಟ್ಟಡ ಬೇಕೆಂದು ಯಾರೂ ಎಣಿಸಿರಲಿಲ್ಲ. ವೈಸರಾಯ್ ಅರಮನೆಯ ಒಂದು ಅಂಗಳವೇ ಸಾಕೆಂದುಕೊಂಡಿದ್ದರು. 1919ರ ಮಾಂಟೆಗು–ಚೆಮ್ಸ್‌ಫರ್ಡ್ ಸುಧಾರಣೆ ಎರಡು ಸದನಗಳನ್ನು ತಂದಿತು. ಜೊತೆಗೆ ದೇಶೀ ರಾಜರಿಗೆಂದು ನರೇಂದ್ರ ಮಂಡಲವೂ ಹುಟ್ಟಿತು. ಮೂರು ಸಭೆಗಳಿಗೆ ಒಂದೇ ಸೂರು ಒದಗಿಸಬೇಕಾಯಿತು.

ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ತ್ರಿಕೋನದ ನಕ್ಷೆ ಬರೆದಿದ್ದರು. ಸಹಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ವೃತ್ತಾಕಾರವೇ ಆಗಬೇಕೆಂದು ಪಟ್ಟು ಹಿಡಿದರು, ಗೆದ್ದರು. 1921ರ ಫೆಬ್ರುವರಿ 12ರಂದು ಕನಾಟ್‌ನ ಡ್ಯೂಕ್ ಅಡಿಗಲ್ಲಿಟ್ಟರು. 1927ರ ಜನವರಿ 18ರಂದು ವೈಸರಾಯ್ ಇರ್ವಿನ್ ಉದ್ಘಾಟಿಸಿದರು. ಖರ್ಚು 83 ಲಕ್ಷ ರೂಪಾಯಿ. 560 ಅಡಿ ವ್ಯಾಸ, ಸುತ್ತ 144 ಕಂಬಗಳ ಮೊಗಸಾಲೆ, ನಡುವೆ ಗುಮ್ಮಟದ ಸೆಂಟ್ರಲ್ ಹಾಲ್, ಅದರ ಮೂರು ಮಗ್ಗುಲಿಗೆ ಮೂರು ಸಭಾಂಗಣ. ಮಧ್ಯಪ್ರದೇಶದ ಮಿತಾವಳಿಯ ಚೌಸಠ್ ಯೋಗಿನಿ ಗುಡಿಯೇ ಇದಕ್ಕೆ ಮಾದರಿಯೆಂಬ ಮಾತು ಬಹಳ ಪ್ರಚಾರದಲ್ಲಿದೆ. ಹೋಲಿಕೆ ಕಣ್ಸೆಳೆಯುವಂಥದ್ದೇ. ಆದರೆ ದಾಖಲೆಯ ಬೆಂಬಲವಿಲ್ಲದೆ ಅದನ್ನು ಇತಿಹಾಸವೆಂದು ಒಪ್ಪಲಾಗದು.

ಈ ಕಟ್ಟಡದ ನಿಜವಾದ ಇತಿಹಾಸವಿರುವುದು ಅದರ ಕೋಣೆಗಳು ಕೈ ಬದಲಾಯಿಸಿದ ಬಗೆಯಲ್ಲಿ. ಸೆಂಟ್ರಲ್ ಹಾಲ್ ಮೊದಲು ಸದಸ್ಯರ ಗ್ರಂಥಾಲಯವಾಗಿತ್ತು. 1946ರಲ್ಲಿ ಪುಸ್ತಕಗಳನ್ನು ತೆರವು ಮಾಡಿ ಪೀಠಗಳನ್ನು ಹಾಕಲಾಯಿತು. ಆ ಡಿಸೆಂಬರ್ 9ರಂದು ಸಂವಿಧಾನ ಸಭೆ ಅಲ್ಲಿ ಸೇರಿತು. ನನ್ನನ್ನು ಹೆಚ್ಚು ಕಾಡುವುದು ಮಾತ್ರ ನರೇಂದ್ರ ಮಂಡಲದ ಕೋಣೆ. ಮಹಾರಾಜರು ತಮ್ಮ ಹಕ್ಕು, ಮರ್ಯಾದೆಗಳನ್ನು ಚರ್ಚಿಸಲೆಂದು ಕಟ್ಟಿದ ಆ ಸಭಾಂಗಣದಲ್ಲಿ 1937ರಿಂದ ಫೆಡರಲ್ ಕೋರ್ಟ್ ಕಲಾಪ ನಡೆಸಿತು. 1950ರ ಜನವರಿ 28ರಂದು ಸುಪ್ರೀಂ ಕೋರ್ಟ್ ಅಲ್ಲೇ ಆರಂಭವಾಗಿ, 1958ರಲ್ಲಿ ಸ್ವಂತ ಕಟ್ಟಡಕ್ಕೆ ಹೋಗುವವರೆಗೂ ಅಲ್ಲೇ ಉಳಿಯಿತು. ಅರಸರಿಗೆಂದು ಕಟ್ಟಿದ ಕೋಣೆಯಲ್ಲಿ ಸಾಮಾನ್ಯ ಪ್ರಜೆಯೊಬ್ಬ ಮೂಲಭೂತ ಹಕ್ಕು ಕೇಳಿ ನಿಲ್ಲುವಂತಾದದ್ದು ಗಣರಾಜ್ಯದ ಬಹು ದೊಡ್ಡ ಗಳಿಕೆಯೆಂದೇ ನನ್ನ ಭಾವನೆ. ಆಮೇಲೆ ಅಲ್ಲಿಗೆ ಸಂಸತ್ತಿನ ಗ್ರಂಥಾಲಯ ಬಂತು.

ಕೆಲಸ ಹೆಚ್ಚಿದಂತೆ ವೃತ್ತದ ಮಿತಿ ತೋರತೊಡಗಿತು. ಆಕಾರ ಕೆಡದಂತೆ ಪಕ್ಕಕ್ಕೆ ಏನನ್ನೂ ಸೇರಿಸುವಂತಿಲ್ಲ. 1956ರಲ್ಲಿ ಮೇಲೆ ಮಹಡಿ ಕಟ್ಟಿದರು. 1975ರಲ್ಲಿ ಜೆ.ಎಂ. ಬೆಂಜಮಿನ್ ವಿನ್ಯಾಸದ ಅನೆಕ್ಸ್ ತಲೆಯೆತ್ತಿತು. 2002ರಲ್ಲಿ ರಾಜ್ ರೇವಾಲ್ ವಿನ್ಯಾಸದ ಗ್ರಂಥಾಲಯ ಕಟ್ಟಡ ಉದ್ಘಾಟನೆಯಾಯಿತು. ಹಳೆಯ ಭವನವನ್ನು ಮರೆಮಾಡಬಾರದೆಂದು ರೇವಾಲ್ ಗ್ರಂಥಾಲಯದ ಎತ್ತರವನ್ನು ಭವನದ ಜಗಲಿಯ ಮಟ್ಟಕ್ಕೇ ಮಿತಿಗೊಳಿಸಿ, ಬಹುಭಾಗವನ್ನು ನೆಲದೊಳಕ್ಕೆ ಇಳಿಸಿದರು. ಮೂರು ಸೇರ್ಪಡೆಗಳಲ್ಲಿ ಅತ್ಯಂತ ವಿವೇಕದ್ದು ಇದೇ.

2023ರ ಮೇ 28ರಂದು ಉದ್ಘಾಟನೆಯಾದ ಹೊಸ ಭವನಕ್ಕೆ ವಿನ್ಯಾಸಕಾರ ಬಿಮಲ್ ಪಟೇಲ್ ಆರಿಸಿಕೊಂಡದ್ದು ಬೇಕರ್ ಕೈಬಿಟ್ಟಿದ್ದ ತ್ರಿಕೋನವನ್ನೇ. ನಿವೇಶನವಿದ್ದದ್ದೂ ಅದೇ ಆಕಾರದಲ್ಲಿ. ಹಳೆಯದು ಸಂವಿಧಾನ ಸದನವಾಯಿತು. ಹೊಸ ರಾಜ್ಯಸಭೆಯಲ್ಲಿ 384 ಆಸನಗಳಿದ್ದರೆ, ಲೋಕಸಭೆಯಲ್ಲಿ 888 ಇವೆ. 543 ಸದಸ್ಯರ ಸದನಕ್ಕೆ ಇಷ್ಟೊಂದು ಆಸನಗಳೇಕೆ? ಮುಂದೆ ಸದಸ್ಯರ ಸಂಖ್ಯೆ ಹೆಚ್ಚೀತೆಂಬ ಎಣಿಕೆಯಿಂದ. ಸದ್ಯ ರಾಜ್ಯಗಳ ನಡುವಿನ ಸ್ಥಾನ ಹಂಚಿಕೆ 1971ರ ಜನಗಣತಿಗೇ ನಿಂತಿದೆ. ಜನಸಂಖ್ಯೆಯನ್ನು ಹತೋಟಿಗೆ ತಂದ ಕರ್ನಾಟಕ ಮತ್ತಿತರ ದಕ್ಷಿಣ ರಾಜ್ಯಗಳು ಮರುಹಂಚಿಕೆಯಲ್ಲಿ ತಮ್ಮ ಪಾಲು ಕುಗ್ಗೀತೆಂದು ಆತಂಕಪಡುವುದು ಸಹಜ. ಈ ಲೆಕ್ಕ ಒಕ್ಕೂಟದ ಒಪ್ಪಿಗೆಯಿಂದಲೇ ಇತ್ಯರ್ಥವಾಗಬೇಕು; ಆಸನಗಳು ಸಿದ್ಧವಾಗಿವೆಯೆಂಬುದು ಅದಕ್ಕೆ ಕಾರಣವಾಗಕೂಡದು.